ಮನೆಗೆ ಮರಳಿ ಹೋಗೆಂಬ ಕರೆ

(ಬಾನುಲಿ ಭಾಷಣ)

ಹುಬ್ಬಳ್ಳಿಯ ಬೆಂಗೇರಿಯಲ್ಲಿ ನನ್ನ ಮನೆ. ಭಾನುವಾರ ಬೆಳಿಗ್ಗೆ ನಮ್ಮ ಓಣಿಯ ಕೆಲವು ಕುಟುಂಬಗಳು ಮಡಿಬಟ್ಟೆಯುಟ್ಟು, ಕೈಯಲ್ಲಿ ಸತ್ಯವೇದ ಹಿಡಿದು ದೇವಾಲಯಕ್ಕೆ ಹೊರಡುತ್ತವೆ. ಅವರಲ್ಲಿ ನಾನೂ ಒಬ್ಬ. ಸೋಮವಾರ ಅದೇ ಜನ ರೈಲ್ವೆ ಕಾರ್ಖಾನೆಗೆ, ಶಾಲೆಗೆ, ಅಂಗಡಿಗೆ, ಖಾದಿ ಕೇಂದ್ರಕ್ಕೆ ಹೋಗುತ್ತಾರೆ. ಭಾನುವಾರ ಕೇಳಿದ ಕರೆ ಸೋಮವಾರ ಏನಾಗುತ್ತದೆ? ಕ್ರಿಸ್ತನ ಶಿಷ್ಯನಾಗುವುದೆಂದರೆ ದಿನದ ಬದುಕಿನಲ್ಲಿ ಏನು ಮಾಡುವುದು? ನಾನು ಧರ್ಮೋಪದೇಶಕನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದುದರಿಂದ ಈ ಪ್ರಶ್ನೆಗೆ ಉಪದೇಶದಲ್ಲಿ ಉತ್ತರ ಹುಡುಕದೆ, ನಮ್ಮ ಧಾರವಾಡ ಸೀಮೆಯ ಚರಿತ್ರೆಯಲ್ಲಿ ಹುಡುಕಲು ಬಯಸುತ್ತೇನೆ.

ಹಾಗೆ ಹುಡುಕಲು ನನಗೊಂದು ಸ್ವಂತ ಕಾರಣವೂ ಉಂಟು. ಕನ್ನಡ ಎಂ.ಎ. ಮುಗಿಸಿ ಅಧ್ಯಾಪಕನ ಕೆಲಸಕ್ಕೆ ಸಂದರ್ಶನಕ್ಕೆ ಹೋದಾಗ ಹಿರಿಯರೊಬ್ಬರು ನನ್ನ ಹೆಸರನ್ನು ಮತ್ತೊಮ್ಮೆ ಓದಿ, "ನೀವು ಕ್ರೈಸ್ತರು, ಕನ್ನಡವನ್ನೇಕೆ ತೆಗೆದುಕೊಂಡಿರಿ?" ಎಂದು ಕೇಳಿದರು. ಕೆಲಸ ಸಿಕ್ಕಿತು. ಆ ಸಂತೋಷವನ್ನು ಹಂಚಿಕೊಳ್ಳಲು ಸಭೆಯ ಹಿರಿಯರಲ್ಲಿಗೆ ಹೋದರೆ, ಅವರು ಅಷ್ಟೇ ಪ್ರೀತಿಯಿಂದ, "ಜೀವನವೆಲ್ಲ ಅನ್ಯರ ಪುರಾಣಗಳನ್ನೇ ಪಾಠ ಮಾಡುವೆಯಾ?" ಎಂದರು. ಇಬ್ಬರಲ್ಲಿಯೂ ದ್ವೇಷವಿರಲಿಲ್ಲ. ಆದರೆ ನನ್ನ ನಂಬಿಕೆ ಒಂದು ಮನೆ, ನನ್ನ ನುಡಿ ಇನ್ನೊಂದು ಮನೆ ಎಂದು ಇಬ್ಬರೂ ತಿಳಿದಿದ್ದರು. ಕೆಲವು ವರ್ಷ ನಾನೂ ಹಾಗೆಯೇ ತಿಳಿದು ಬಾಳಿದೆನೆಂಬುದು ಇಂದು ಒಪ್ಪಿಕೊಳ್ಳಬೇಕಾದ ಮಾತು.

ಸುವಾರ್ತೆಗಳನ್ನು ಓದಿದವರಿಗೆ ಕರೆಯ ಕಥೆಗಳು ಪರಿಚಿತವೇ. ಗಲಿಲಾಯದ ಬೆಸ್ತರು ಬಲೆಯನ್ನು ಬಿಟ್ಟು ಎದ್ದರು. ಸುಂಕದವನು ಕಟ್ಟೆಯನ್ನು ಬಿಟ್ಟು ಎದ್ದನು. ಶಿಷ್ಯತ್ವವೆಂದರೆ ಬಿಟ್ಟು ಹೋಗುವುದು ಎಂಬ ಭಾವನೆ ಈ ಕಥೆಗಳಿಂದಲೇ ಬೆಳೆದುದು. ಆದರೆ ಮಾರ್ಕನ ಸುವಾರ್ತೆಯಲ್ಲಿ ಇನ್ನೊಂದು ಕಥೆಯಿದೆ. ಸಮಾಧಿಗಳ ನಡುವೆ ಅಲೆಯುತ್ತಿದ್ದವನೊಬ್ಬನು ಸ್ವಸ್ಥನಾಗಿ, ತಾನೂ ಜೊತೆಯಲ್ಲಿ ಬರುವೆನೆಂದು ಯೇಸುವನ್ನು ಬೇಡಿಕೊಳ್ಳುತ್ತಾನೆ. ಯೇಸು ಒಪ್ಪುವುದಿಲ್ಲ, ನಿನ್ನ ಮನೆಗೆ, ನಿನ್ನ ಜನರ ಬಳಿಗೆ ಹೋಗು ಎಂದು ಕಳುಹಿಸುತ್ತಾನೆ. ಅದೂ ಕರೆಯೇ. ಬಿಟ್ಟು ಬಾ ಎಂಬ ಕರೆಗಿಂತ ಮರಳಿ ಹೋಗು ಎಂಬ ಕರೆ ಸುಲಭವಾದುದೆಂದು ನನಗೆ ತೋರುವುದಿಲ್ಲ. ನಮ್ಮ ಸೀಮೆಯ ಕ್ರೈಸ್ತರ ಚರಿತ್ರೆಯನ್ನು ಈ ಎರಡು ಕರೆಗಳ ನಡುವಿನ ನಡಿಗೆಯೆಂದೇ ಓದಬಹುದು.

ಬಾಸೆಲ್ ಮಿಷನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದುದು ೧೮೩೪ರಲ್ಲಿ. ೧೮೩೭ರಲ್ಲಿ ಧಾರವಾಡದಲ್ಲಿ, ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿ ಅವರ ಕೇಂದ್ರಗಳು ಏರ್ಪಟ್ಟವು. ಅಂದು ದೀಕ್ಷಾಸ್ನಾನ ಹೊಂದುವವನು ಏನನ್ನು ಕಳೆದುಕೊಳ್ಳುತ್ತಿದ್ದನೆಂಬುದನ್ನು ನಾವು ನೆನೆಯಬೇಕು. ಜಾತಿ ಹೋಯಿತು, ಜಾತಿಯೊಡನೆ ಬಾವಿಯ ನೀರು, ಮನೆಯ ಪಂಕ್ತಿ, ಕುಲದ ಕಸುಬು, ಮಕ್ಕಳ ಮದುವೆ ಎಲ್ಲವೂ ಹೋದವು. ಮತ ಬಿಟ್ಟವನಿಗೆ ಪಿತ್ರಾರ್ಜಿತದ ಹಕ್ಕು ತಪ್ಪಬಾರದೆಂಬ ಕಾನೂನು ಬ್ರಿಟಿಷ್ ಇಂಡಿಯಾಕ್ಕೆಲ್ಲ ಅನ್ವಯಿಸುವಂತೆ ಬಂದುದು ೧೮೫೦ರಲ್ಲಿ. ಹಳ್ಳಿಯಲ್ಲಿ ಕಾನೂನಿಗಿಂತ ಬಲವಾದುದು ನೆರೆಯವರ ಮುಖ.

ಈ ಕಷ್ಟಕ್ಕೆ ಮಿಷನ್ನಿನವರು ಕಂಡುಕೊಂಡ ಮೊದಲ ಪರಿಹಾರ ಬೇರೆಯೇ ಊರು ಕಟ್ಟುವುದು. ಗದಗಿನ ಹತ್ತಿರದ ಮಲಸಮುದ್ರದಲ್ಲಿ ೧೮೪೧ರಲ್ಲಿ ಒಂದು ಬೇಸಾಯದ ವಸತಿಯನ್ನು ಆರಂಭಿಸಿದರು. ಹೊಸ ನಂಬಿಕೆಯವರು ಅಲ್ಲಿ ಉತ್ತು ಬಿತ್ತು, ಒಟ್ಟಿಗೆ ಪ್ರಾರ್ಥಿಸಿ ಬಾಳಲಿ ಎಂಬುದು ಆಶಯ. ಆ ಊರು ನೆಲೆಗೊಳ್ಳಲಿಲ್ಲ. ಎರಡನೆಯ ಪರಿಹಾರ ಕೈಗಾರಿಕೆ. ಮಂಗಳೂರಿನಲ್ಲಿ ನೇಯ್ಗೆ ಬೆಳೆಯಿತು. ೧೮೬೫ರಲ್ಲಿ ಹಂಚಿನ ಕಾರ್ಖಾನೆ ಆರಂಭವಾಯಿತು. ಮಂಗಳೂರು ಹೆಂಚೆಂದು ನಾಡೆಲ್ಲ ಹೆಸರಾದುದು ಅಲ್ಲಿಂದ ಹೊರಟುದೇ. ಜಾತಿಯ ಕಸುಬು ಕಳೆದುಕೊಂಡ ಸಾವಿರಾರು ಜನರಿಗೆ ಅದು ಅನ್ನ ಕೊಟ್ಟಿತು. ಯಾವ ಕೆಲಸವೂ ಕೀಳಲ್ಲವೆಂಬ ಪಾಠವನ್ನೂ ಕಲಿಸಿತು. ಆದರೆ ಮನೆ, ಮಗ್ಗ, ಶಾಲೆ, ಪ್ರಾರ್ಥನೆ ಎಲ್ಲವೂ ಒಂದೇ ಆವರಣದೊಳಗೆ ಸೇರಿದಾಗ ನೆರೆಯವನು ಎಲ್ಲಿ ಉಳಿದನು? ಮೊದಲನೆಯ ಮಹಾಯುದ್ಧದ ಕಾಲಕ್ಕೆ ಆ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ಆವರಣದ ಗೋಡೆಯನ್ನೇ ನಂಬಿದ ಬದುಕು ಎಷ್ಟು ಅಭದ್ರವೆಂಬುದು ಆಗ ತಿಳಿಯಿತು.

ಇದರ ಜೊತೆಗೇ ಇನ್ನೊಂದು ಧಾರೆ ಹರಿಯುತ್ತಿತ್ತು. ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರು ೧೮೫೦ರಲ್ಲಿ ದಾಸರ ಪದಗಳನ್ನು ಅಚ್ಚು ಮಾಡಿಸಿದರು. ೧೮೫೩ರಲ್ಲಿ ಬಂದ ಫರ್ಡಿನಂಡ್ ಕಿಟೆಲರು ಹಳ್ಳಿಯವರ ಮಾತನ್ನೂ ಹಳಗನ್ನಡ ಕಾವ್ಯಗಳನ್ನೂ ಶೋಧಿಸಿ, ಸುಮಾರು ೭೦,೦೦೦ ಶಬ್ದಗಳ ನಿಘಂಟನ್ನು ೧೮೯೪ರಲ್ಲಿ ಪ್ರಕಟಿಸಿದರು. ಕಲಿಸಬಂದವರು ಕಲಿಯಲು ಕುಳಿತರು. ಶಿಷ್ಯ ಎಂಬ ಶಬ್ದದ ಅರ್ಥವೇ ಕಲಿಯುವವನು ಎಂದಲ್ಲವೇ? ಗುರುವನ್ನು ಹಿಂಬಾಲಿಸುವವನು ದಾರಿಯಲ್ಲಿ ಎದುರಾದವರಿಂದ ಕಲಿಯಲೊಲ್ಲದಿದ್ದರೆ ಅವನ ಶಿಷ್ಯತ್ವ ಅರ್ಧವೇ ಸರಿ.

ಈ ಧಾರೆ ಹೊರಗಿನವರ ಪರಿಶ್ರಮವಾಗಿ ಉಳಿಯದೆ ಮನೆಯವರದೇ ಆದುದು ರೆವರೆಂಡ್ ಉತ್ತಂಗಿ ಚನ್ನಪ್ಪನವರಲ್ಲಿ. ಅವರು ೧೮೮೧ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಮಂಗಳೂರಿನ ಸೆಮಿನರಿಯಲ್ಲಿ ದೈವಜ್ಞಾನ ಕಲಿತು, ಉತ್ತರ ಕರ್ನಾಟಕದ ಊರುಗಳಲ್ಲಿ ಪಾದ್ರಿಯಾಗಿ ದುಡಿದರು. ಪಾದ್ರಿಯ ದಿನಚರಿ ದೊಡ್ಡ ಘಟನೆಗಳದಲ್ಲ: ರೋಗಿಗಳ ಭೇಟಿ, ಮಕ್ಕಳ ಪಾಠ, ಮದುವೆ, ಮಣ್ಣು, ಹಳ್ಳಿಯ ಸುತ್ತಾಟ. ಆ ಸುತ್ತಾಟದ ನಡುವೆಯೇ ಅವರು ಸರ್ವಜ್ಞನ ತ್ರಿಪದಿಗಳನ್ನು ಕೂಡಿಸತೊಡಗಿದರು. ಹಳೆಯ ಪ್ರತಿಗಳಲ್ಲಿ ಸಿಕ್ಕುದನ್ನು ಬರೆದುಕೊಂಡರು; ಜನರ ಬಾಯಲ್ಲಿದ್ದುದನ್ನು ಕೇಳಿಕೊಂಡರು; ಪಾಠಗಳನ್ನು ಹೋಲಿಸಿದರು. ೧೯೨೪ರಲ್ಲಿ ಸುಮಾರು ೨,೦೦೦ ತ್ರಿಪದಿಗಳ ಸಂಕಲನ ಹೊರಬಂದಿತು. ಸರ್ವಜ್ಞನನ್ನು ಬಾಯಲ್ಲಿ ಇಟ್ಟುಕೊಂಡಿದ್ದ ನಾಡು ಅವನನ್ನು ಒಂದು ಗ್ರಂಥವಾಗಿ ಕೈಯಲ್ಲಿ ಹಿಡಿದುದು ಒಬ್ಬ ಕ್ರೈಸ್ತ ಪಾದ್ರಿಯ ದುಡಿಮೆಯಿಂದ. ಅದರ ಹಿಂದಿನ ವರ್ಷ, ೧೯೨೩ರಲ್ಲಿ, ಅದೇ ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಪ್ರಕಟವಾಗಿತ್ತು. ಒಂದೇ ಊರಿನ ಇಬ್ಬರು ಒಂದೇ ಹೊಲದ ಎರಡು ಸಾಲುಗಳನ್ನು ಉಳುತ್ತಿದ್ದರು.

ಪಾದ್ರಿಗೇಕೆ ಸರ್ವಜ್ಞ ಎಂಬ ಪ್ರಶ್ನೆ ಅಂದು ಏಳದೆ ಇದ್ದೀತೇ? ನನ್ನ ಇಬ್ಬರು ಹಿರಿಯರ ಪ್ರಶ್ನೆಗಳು ಉತ್ತಂಗಿಯವರ ಬದುಕಿಗೂ ಒಪ್ಪುವಂಥವು. ಅವರು ವಾದ ಹೂಡುವುದಕ್ಕಿಂತ ಹೆಚ್ಚಾಗಿ ಕೆಲಸದಿಂದಲೇ ಉತ್ತರಿಸಿದರು. ಅವರದೊಂದು ಪುಸ್ತಕದ ಹೆಸರು 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'. ಆ ಹೆಸರಿನಲ್ಲಿ ನನಗೆ ಬೆಲೆಯುಳ್ಳದ್ದಾಗಿ ಕಾಣುವ ಶಬ್ದ ಕೊನೆಯದು. ಆಜ್ಞೆಯಲ್ಲ, ಸವಾಲಲ್ಲ, ವಿನಂತಿ. ವಿನಂತಿ ಮಾಡುವವನು ನೆರೆಯವನ ಬಾಗಿಲಲ್ಲಿ ನಿಂತಿರುತ್ತಾನೆ. ಒಳಗೆ ಕರೆಯುವುದು ಬಿಡುವುದು ಆ ಮನೆಯವನ ಇಚ್ಛೆಯೆಂದು ಬಲ್ಲವನಾಗಿರುತ್ತಾನೆ.

ಮುಂದೆ ಅವರು ಶರಣರ ವಚನಗಳ ಸಂಪಾದನೆಗೆ ತೊಡಗಿದರು. ಅವುಗಳಲ್ಲಿ ಮೋಳಿಗೆಯ ಮಾರಯ್ಯನ ವಚನಗಳೂ ಸೇರಿವೆ. ಕಾಶ್ಮೀರದ ಅರಸನೊಬ್ಬ ರಾಜ್ಯವನ್ನು ತೊರೆದು ಮಡದಿಯೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರಿ ದಾಸೋಹ ನಡೆಸಿದನೆಂಬುದು ಶರಣಪರಂಪರೆ ಹೇಳುವ ಕಥೆ. ಬಿಟ್ಟು ಬಂದುದು ಅರ್ಧ ಕಥೆ; ಬಂದ ಮೇಲೆ ದಿನದಿನವೂ ಹೊರೆ ಹೊತ್ತುದು ಉಳಿದರ್ಧ. ಕ್ರಿಸ್ತನ ಸೇವಕನೊಬ್ಬನಿಗೆ ಈ ಕಥೆ ಪರಕೀಯವೆನಿಸದಿದ್ದುದರಲ್ಲಿ ಆಶ್ಚರ್ಯವೇನು? ಎರಡು ಮತಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಉತ್ತಂಗಿಯವರು ಕೊನೆಯವರೆಗೂ ಕ್ರೈಸ್ತರಾಗಿಯೇ ಇದ್ದರು. ತನ್ನ ನಂಬಿಕೆಯಲ್ಲಿ ಬೇರೂರಿದವನು ನೆರೆಯವನ ಫಲವನ್ನು ಅಂಜದೆ ಸವಿಯಬಲ್ಲನು ಎಂಬುದಷ್ಟೇ ನನ್ನ ಮಾತು. ೧೯೪೯ರಲ್ಲಿ ಕಲಬುರ್ಗಿಯಲ್ಲಿ ಸೇರಿದ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನು ಅಧ್ಯಕ್ಷರನ್ನಾಗಿ ಕರೆಯಿತು. ಅವರು ತೀರಿಕೊಂಡುದು ೧೯೬೨ರಲ್ಲಿ.

ಇಲ್ಲಿ ದೂರದ ಒಬ್ಬರನ್ನೂ ನೆನೆಯಬೇಕೆನಿಸುತ್ತದೆ. ಜರ್ಮನಿಯ ಪಾದ್ರಿ ಡೀಟ್ರಿಚ್ ಬೋನ್‌ಹೋಫರ್ ೧೯೩೭ರಲ್ಲಿ ಶಿಷ್ಯತ್ವವನ್ನೇ ಕುರಿತು ಒಂದು ಗ್ರಂಥ ಬರೆದರು. ಬೆಲೆ ತೆರದೆ ಪಡೆದ ಕೃಪೆ ಅಗ್ಗದ ಕೃಪೆಯೆಂಬುದು ಅದರ ತಿರುಳು. ಹಿಟ್ಲರನ ಆಡಳಿತವನ್ನು ಎದುರಿಸಿದ ಅವರು ೧೯೪೫ರ ಏಪ್ರಿಲಿನಲ್ಲಿ ಗಲ್ಲಿಗೇರಿದರು. ಅಂಥ ಬೆಲೆಯನ್ನು ಎಲ್ಲರಿಂದಲೂ ಕೇಳಲಾಗುವುದಿಲ್ಲ. ಆದರೆ ಪ್ರಾಣವನ್ನು ಒಮ್ಮೆ ಕೊಡುವ ಕರೆಯಿರುವಂತೆ, ಬದುಕನ್ನು ಚೂರು ಚೂರಾಗಿ ನಲವತ್ತು ವರ್ಷ ಕೊಡುವ ಕರೆಯೂ ಇದೆ. ಅದರ ಬೆಲೆಯನ್ನು ಯಾರೂ ಲೆಕ್ಕವಿಡುವುದಿಲ್ಲ.

ನನ್ನ ತಂದೆ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಮುಂಜಾನೆಯ ಪ್ರಾರ್ಥನೆ ತಪ್ಪಿಸಿದವರಲ್ಲ. ನನ್ನ ಎರಡು ಮನೆಗಳ ಸಂಕಟವನ್ನು ಅವರ ಮುಂದೆ ತೋಡಿಕೊಂಡಾಗ ಅವರು, "ಪ್ರಾರ್ಥನಿ ಮಾಡಿ ಬಂದೀನಿ ಅಂತ ಬೋಲ್ಟ್ ತನ್ನಷ್ಟಕ್ಕ ತಾನ ಬಿಗಿ ಆಗೂದಿಲ್ಲೋ ತಮ್ಮಾ. ನಾನ ಬಿಗಿ ಮಾಡಬೇಕು. ಆ ಗಾಡ್ಯಾಗ ಎಲ್ಲಾ ಮಂದಿನೂ ಕೂಡತಾರ" ಎಂದರು. ಮರುದಿನ ತರಗತಿಗೆ ಸರ್ವಜ್ಞನ ಪಾಠಕ್ಕೆ ಹೋದೆ. ಪಾಠ ಅದೇ; ಹೇಳುವವನು ಸ್ವಲ್ಪ ಬೇರೆಯಾಗಿದ್ದ. ನನ್ನ ಮುಂದೆ ಕುಳಿತ ಮಕ್ಕಳೆಲ್ಲರೂ ನನ್ನ ಗಾಡಿಯ ಪ್ರಯಾಣಿಕರೆಂದು ಅಂದಿನಿಂದ ತಿಳಿದೆ.

ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಘ ೧೯೫೭ರಿಂದ ನಡೆದುಬಂದ ಸಂಸ್ಥೆ. ರಾಷ್ಟ್ರಧ್ವಜ ಸಿದ್ಧವಾಗುವ ಸ್ಥಳವೆಂದು ಅದು ಇಂದು ದೇಶಕ್ಕೆಲ್ಲ ಪರಿಚಿತ. ನಮ್ಮ ಸಭೆಯ ಒಬ್ಬ ತಾಯಿ ಅಲ್ಲಿ ಬಹುಕಾಲ ಹೊಲಿಗೆ ಯಂತ್ರದ ಮುಂದೆ ಕುಳಿತು ದುಡಿದವರು. ಶಿಷ್ಯತ್ವದ ಮೇಲೆ ಸಭೆಯಲ್ಲಿ ನಾನು ಉದ್ದವಾಗಿ ಮಾತನಾಡಿದ ಒಂದು ಭಾನುವಾರ, ಹೊರಗೆ ಬರುವಾಗ ಅವರು ನಕ್ಕು ಹೇಳಿದರು: "ಸರ, ನಮ್ಮ ಕೆಲಸದಾಗ ಚಕ್ರ ಎರಡೂ ಕಡಿಗೂ ಒಂದ ಸಮ ಕೂಡಬೇಕ್ರಿ. ಒಂದ ಕಡಿ ಛಲೋ ಇದ್ದು ಇನ್ನೊಂದ ಕಡಿ ಸರದಿತ್ತಂದ್ರ ಆ ಬಾವುಟ ಪಾಸ್ ಆಗೂದಿಲ್ರಿ."

ನಾನು ಅರ್ಧ ತಾಸು ಹೇಳಿದ್ದನ್ನು ಆ ತಾಯಿ ಎರಡು ಮಾತಿನಲ್ಲಿ ತಿದ್ದಿದರು. ಭಾನುವಾರದ ಕಡೆಯಿಂದ ನೋಡಿದರೂ ಸೋಮವಾರದ ಕಡೆಯಿಂದ ನೋಡಿದರೂ ನಮ್ಮ ಬಾಳು ಒಂದೇ ಸಮನಾಗಿ ಕಾಣಬೇಕು. ಹಾಗೆ ಕಂಡಿದೆಯೇ ಎಂದು ಪರೀಕ್ಷಿಸಬೇಕಾದವರು ನಾವಲ್ಲ, ನಮ್ಮ ನೆರೆಯವರು.