ಜೀಬ್ರಾ ಹವರ್ತಿಯಾ: ಉಷ್ಣತೆ ಮತ್ತು ಆರ್ದ್ರತೆ

ಜೀಬ್ರಾ ಹವರ್ತಿಯಾ ಆಸ್ಫೊಡೆಲೇಸಿ ಕುಟುಂಬಕ್ಕೆ ಸೇರಿದ, ಅಂಗೈಯಗಲದ ರಸಭರಿತ ಸಸ್ಯ. ಲೋಳೆಸರದ ಹತ್ತಿರದ ಸಂಬಂಧಿ. ಕಡುಹಸಿರು ಎಲೆಗಳ ಮೇಲೆ ಬಿಳಿ ಗಂಟುಗಳು ಅಡ್ಡಪಟ್ಟೆಯಾಗಿ ಕೂಡಿಕೊಂಡಿರುವುದರಿಂದ ಈ ಹೆಸರು. ತವರು ದಕ್ಷಿಣ ಆಫ್ರಿಕದ ಈಸ್ಟರ್ನ್ ಕೇಪ್ ಪ್ರಾಂತ. ಫ್ರಾನ್ಸಿನ ಆನ್ರಿ ಡುವಾಲ್ 1809ರಲ್ಲಿ ಹವರ್ತಿಯಾ ಕುಲವನ್ನು ಸ್ಥಾಪಿಸಿ, ಅದಕ್ಕೆ ಇಂಗ್ಲೆಂಡಿನ ಸಸ್ಯಜ್ಞ ಏಡ್ರಿಯನ್ ಹಾರ್ಡಿ ಹಾವರ್ತ್‌ನ (1767–1833) ಹೆಸರಿಟ್ಟ. 2013ರಲ್ಲಿ ಗೋರ್ಡನ್ ರೌಲಿ ಗಟ್ಟಿ ಎಲೆಯ ಪ್ರಭೇದಗಳನ್ನು ಬೇರೆ ಕುಲಕ್ಕೆ ಸೇರಿಸಿದ ಮೇಲೆ ಇದರ ಶಾಸ್ತ್ರೀಯ ಹೆಸರು ಹವರ್ತಿಯಾಪ್ಸಿಸ್ ಅಟೆನ್ಯುಯೇಟ ಎಂದಾಗಿದೆ. ನರ್ಸರಿಗಳಲ್ಲಿ ಇದಕ್ಕೆ ಫಾಸಿಯೇಟ ಎಂಬ ಚೀಟಿ ಅಂಟಿಸಿ ಮಾರುವುದುಂಟು. ಫಾಸಿಯೇಟದ ಎಲೆಯ ಒಳಮೈ ನುಣುಪು, ಅಟೆನ್ಯುಯೇಟದ್ದು ಎರಡೂ ಕಡೆ ಒರಟು. ಎರಡನ್ನೂ ಸಾಕುವ ಕ್ರಮ ಒಂದೇ ಆದ್ದರಿಂದ ಈ ಗೊಂದಲ ಕೊಂಡವರಿಗೇನೂ ನಷ್ಟ ತರದು.

ತವರಿನಲ್ಲಿ ಇದು ಬಟ್ಟಬಯಲಿನ ಗಿಡವಲ್ಲ. ಕುರುಚಲು ಪೊದೆಗಳ ಬುಡದಲ್ಲಿ, ಬಂಡೆಯ ಬಿರುಕುಗಳಲ್ಲಿ ಅರೆನೆರಳು ಹುಡುಕಿಕೊಂಡು ಬೆಳೆಯುತ್ತದೆ. ಈ ಬಳಗದ ಹಲವು ಗಿಡಗಳ ಬೇರುಗಳು ಬರದ ದಿನಗಳಲ್ಲಿ ಕುಗ್ಗಿ ಗಿಡವನ್ನೇ ಮಣ್ಣಿನೊಳಕ್ಕೆ ಎಳೆದುಕೊಳ್ಳುತ್ತವೆ. ಮರುಭೂಮಿಯ ಗಿಡವೆಂದು ಭಾವಿಸಿ ತಾರಸಿಯ ಸುಡುಬಿಸಿಲಿಗೆ ಇಡುವವರು ಮೊದಲು ಗಮನಿಸಬೇಕಾದ ಸಂಗತಿ ಇದು.

ಉಷ್ಣತೆ, ಆರ್ದ್ರತೆಗಳ ಲೆಕ್ಕ ಅರ್ಥವಾಗಬೇಕಾದರೆ ಈ ಗಿಡ ಉಸಿರಾಡುವ ವೇಳೆ ತಿಳಿದಿರಬೇಕು. ಹೆಚ್ಚಿನ ಸಸ್ಯಗಳು ಪತ್ರರಂಧ್ರಗಳನ್ನು ಹಗಲು ತೆರೆದರೆ ಹವರ್ತಿಯಾ ರಾತ್ರಿ ತೆರೆಯುತ್ತದೆ. ಆಗ ಒಳಬಂದ ಇಂಗಾಲದ ಡೈಆಕ್ಸೈಡು ಮ್ಯಾಲಿಕ್ ಆಮ್ಲವಾಗಿ ಎಲೆಯ ಕೋಶಗಳಲ್ಲಿ ಸಂಗ್ರಹವಾಗುತ್ತದೆ. ಹಗಲು ರಂಧ್ರಗಳನ್ನು ಮುಚ್ಚಿಕೊಂಡು, ಆ ಆಮ್ಲವನ್ನು ಒಡೆದು ಗಿಡ ಆಹಾರ ತಯಾರಿಸುತ್ತದೆ. ಹೀಗೆ ನೀರು ಉಳಿಯುತ್ತದೆ. ಈ ವಿದ್ಯಮಾನದ ಮೊದಲ ಸುಳಿವುಗಳಲ್ಲೊಂದು ಸಿಕ್ಕಿದ್ದು ಭಾರತದಲ್ಲೇ. ಟಿಪ್ಪುವಿನ ಪತನದ ನಂತರ ಕೆಲಕಾಲ ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿ ಹೊತ್ತಿದ್ದ ಬೆಂಜಮಿನ್ ಹೈನೆ, ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯಾಗಿದ್ದು ಮಧ್ಯಾಹ್ನಕ್ಕೆ ಸಪ್ಪೆಯಾಗುವುದನ್ನು ಜಗಿದು ನೋಡಿ 1813ರ ಪತ್ರವೊಂದರಲ್ಲಿ ಬರೆದ. ಅದು 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು.

ರಾತ್ರಿ ದುಡಿಯುವ ಗಿಡಕ್ಕೆ ರಾತ್ರಿಯ ತಂಪು ಮುಖ್ಯ. ಹಗಲು 20ರಿಂದ 28 ಡಿಗ್ರಿ ಸೆಲ್ಸಿಯಸ್, ರಾತ್ರಿ ಅದಕ್ಕಿಂತ ಐದಾರು ಡಿಗ್ರಿ ಕಡಿಮೆ ಇದ್ದರೆ ಬೆಳವಣಿಗೆ ಚೆನ್ನ. ಇರುಳೂ ಸೆಕೆಯಿಂದ ಕೂಡಿದ್ದರೆ ಆಮ್ಲದ ಸಂಗ್ರಹ ತಗ್ಗುತ್ತದೆ, ಉಸಿರಾಟದಲ್ಲೇ ಹೆಚ್ಚು ಶಕ್ತಿ ಸೋರಿಹೋಗುತ್ತದೆ. ಹಗಲಿನ ತಾಪ 35 ಡಿಗ್ರಿಯ ಆಸುಪಾಸಿಗೆ ಏರಿದಾಗ ಗಿಡ ಸುಪ್ತಾವಸ್ಥೆಗೆ ಜಾರುತ್ತದೆ: ಹೊಸ ಎಲೆ ನಿಲ್ಲುತ್ತದೆ, ಇದ್ದ ಎಲೆಗಳು ಒಳಕ್ಕೆ ಮುದುಡುತ್ತವೆ, ಕೆಲವೊಮ್ಮೆ ಕೆಂಗಂದು ಬಣ್ಣಕ್ಕೆ ತಿರುಗುತ್ತವೆ. ಗಿಡ ಬಾಯಾರಿದೆ ಎಂದು ಈಗ ನೀರು ಸುರಿದರೆ ಕೆಲಸ ಕೆಟ್ಟಂತೆಯೇ. ಬಿಸಿಯಲ್ಲಿ ಬೇರು ನೀರೆಳೆಯುವುದು ತೀರ ಕಡಿಮೆ. ಬಿಸಿಯೂ ಹಸಿಯೂ ಆದ ಮಣ್ಣು ಕೊಳೆಗೆ ಹೇಳಿ ಮಾಡಿಸಿದ ಜಾಗ. ಬಿಸಿಲಿಗೆ ಕಾದ ಕಪ್ಪು ಪ್ಲಾಸ್ಟಿಕ್ ಕುಂಡದೊಳಗಿನ ಮಣ್ಣು ಸುತ್ತಲಿನ ಗಾಳಿಗಿಂತ ಬಿಸಿಯಾಗುತ್ತದೆ ಎಂಬುದೂ ನೆನಪಿರಬೇಕು.

ಚಳಿಯಲ್ಲಿ 10 ಡಿಗ್ರಿಯವರೆಗೆ ತೊಂದರೆಯಿಲ್ಲ. 4–5 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ. ಹಿಮ ಬಿದ್ದರೆ ಎಲೆಯೊಳಗಿನ ನೀರು ಹೆಪ್ಪುಗಟ್ಟಿ ಕೋಶಗಳು ಒಡೆದು, ಕರಗಿದ ಮೇಲೆ ಎಲೆ ಲೊಳಲೊಳ ಆಗುತ್ತದೆ. ಒಣಮಣ್ಣಿನಲ್ಲಿರುವ ಗಿಡ ಹಸಿಮಣ್ಣಿನಲ್ಲಿರುವುದಕ್ಕಿಂತ ಚಳಿಯನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ.

ಆರ್ದ್ರತೆಯ ಬಗ್ಗೆ ಇರುವ ಭಯ ಅರ್ಧ ಸರಿ. ಸಾಪೇಕ್ಷ ಆರ್ದ್ರತೆ ಶೇ 30ರಿಂದ 50ರಷ್ಟಿದ್ದರೆ ಸಾಕೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹವಾನಿಯಂತ್ರಿತ ಕೋಣೆಯ ಒಣಗಾಳಿಯೂ ಇದಕ್ಕೆ ಒಗ್ಗುತ್ತದೆ, ಅಲ್ಲಿ ಕೊರತೆಯಾಗುವುದು ಬೆಳಕು. ತೇವಗಾಳಿ ಒಂದೇ ಗಿಡವನ್ನು ಕೊಲ್ಲುವುದು ಅಪರೂಪ. ಅದು ಕುಂಡದ ಮಣ್ಣನ್ನು ಒಣಗಲು ಬಿಡದಿರುವುದೇ ತೊಂದರೆಯ ಮೂಲ. ಬೇಸಿಗೆಯಲ್ಲಿ ಕೆಲವೇ ದಿನಗಳಲ್ಲಿ ಒಣಗುವ ಮಣ್ಣು ಮಳೆಗಾಲದಲ್ಲಿ ವಾರಗಟ್ಟಲೆ ಹಸಿಯಾಗಿರುತ್ತದೆ. ಗಾಳಿಯೂ ಆಡದಿದ್ದರೆ ಬೇರುಕೊಳೆ ಬಹುಮಟ್ಟಿಗೆ ಖಚಿತ. ಎಲೆಗಳ ಮೇಲೆ ನೀರು ಚಿಮುಕಿಸುವ ರೂಢಿ ಜರೀಗಿಡಕ್ಕೆ ಸರಿ. ಇಲ್ಲಿ ಅದು ಎಲೆಗಳ ನಡುವಿನ ಸಂದಿಯಲ್ಲಿ ನೀರು ನಿಲ್ಲಿಸುತ್ತದೆ, ಅಷ್ಟೆ. ಮುಚ್ಚಿದ ಗಾಜಿನ ಭರಣಿಯಲ್ಲಿ ಪಾಚಿಯ ಜೊತೆ ಇದನ್ನು ನೆಟ್ಟು ಉಡುಗೊರೆಯಾಗಿ ಮಾರುವುದಂತೂ ಗಿಡದ ಮೇಲಿನ ಅನ್ಯಾಯ.

ಕರ್ನಾಟಕದೊಳಗೇ ಹವೆ ಮೂರು ಬಗೆಯಾಗಿರುವುದರಿಂದ ಒಂದೇ ಸೂತ್ರ ಎಲ್ಲೆಡೆ ನಡೆಯದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಜನವರಿಯ ರಾತ್ರಿ 15 ಡಿಗ್ರಿಯಷ್ಟು, ಏಪ್ರಿಲ್ ಹಗಲು 34ರಷ್ಟು. ಪೂರ್ವದ ಕಿಟಕಿಯಲ್ಲಿ ವರ್ಷದ ಬಹುಭಾಗ ಗಿಡ ಸುಖವಾಗಿರುತ್ತದೆ. ಕಲಬುರಗಿ, ರಾಯಚೂರುಗಳಲ್ಲಿ ಬೇಸಿಗೆ 40 ದಾಟುವುದರಿಂದ ಏಪ್ರಿಲ್, ಮೇ ತಿಂಗಳುಗಳಲ್ಲಿ ನೆರಳು, ಸಂಜೆಯ ಹೊತ್ತು ತೀರ ಸ್ವಲ್ಪ ನೀರು. ಕರಾವಳಿ ಕಷ್ಟದ ಜಾಗ. ಮಂಗಳೂರಿನ ರಾತ್ರಿ 20 ಡಿಗ್ರಿಗಿಂತ ಕೆಳಗಿಳಿಯುವುದೇ ಅಪರೂಪ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ನೀರು ತುಂಬಿರುತ್ತದೆ. ಅಲ್ಲಿ ಸಣ್ಣ ಮಣ್ಣಿನ ಕುಂಡ, ಅರ್ಧಕ್ಕಿಂತ ಹೆಚ್ಚು ದಪ್ಪ ಮರಳು ಮತ್ತು ಇಟ್ಟಿಗೆ ಚೂರಿನ ಮಿಶ್ರಣ, ಮಳೆ ತಾಗದ ಆದರೆ ಗಾಳಿಯಾಡುವ ಜಗಲಿ ಬೇಕು. ತೆಂಗಿನ ನಾರಿನ ಪುಡಿ ನೀರನ್ನು ಬಹಳ ಹೊತ್ತು ಹಿಡಿದಿಡುವುದರಿಂದ ಕರಾವಳಿಗೆ ಹೊಂದದು. ಮಳೆಗಾಲದಲ್ಲಿ ಮೂರು ನಾಲ್ಕು ವಾರ ನೀರು ಹಾಕದಿದ್ದರೂ ನಡೆಯುತ್ತದೆ.

ಕೊಳೆಯ ಮೊದಲ ಗುರುತು ಬುಡದ ಎಲೆಗಳು ಹಳದಿಯಾಗಿ ಮೆತ್ತಗಾಗುವುದು. ಹಿಡಿದಾಗ ಗಿಡ ಅಲುಗಾಡುವುದು ಆಮೇಲಿನ ಹಂತ. ಬುಡದ ಒಂದೆರಡು ಎಲೆ ಕಾಗದದಂತೆ ಒಣಗುವುದು ಮಾತ್ರ ಸಹಜ ಮುಪ್ಪು. ಕೊಳೆತ ಬೇರು, ಕಾಂಡಗಳನ್ನು ಬಿಳಿ ಭಾಗ ಕಾಣುವವರೆಗೆ ಕೊಯ್ದು, ಗಾಯ ಒಣಗುವಂತೆ ಕೆಲವು ದಿನ ನೆರಳಲ್ಲಿಟ್ಟು, ಒಣಮರಳಿನ ಮಿಶ್ರಣದಲ್ಲಿ ಕೂರಿಸಿದರೆ ಸಾಮಾನ್ಯವಾಗಿ ಹೊಸ ಬೇರು ಬರುತ್ತದೆ. ಬೇರು ಮೂಡುವ ತನಕ ನೀರು ಬೇಡ. ಅಷ್ಟು ದಿನಕ್ಕೆ ಬೇಕಾದದ್ದು ಎಲೆಯಲ್ಲೇ ಇರುತ್ತದೆ.