ಗಣಕದ ಹೊಟ್ಟೆಯೊಳಗಿನ ‘ಕ’

ಇಪ್ಪತ್ತು, ಇಪ್ಪತ್ತೈದು ವರ್ಷಗಳ ಹಿಂದೆ ಡಿ.ಟಿ.ಪಿ. ಅಂಗಡಿಯಲ್ಲಿ ಅಕ್ಷರ ಜೋಡಿಸಿದ ಕನ್ನಡ ಬರಹವೊಂದು ಹಳೆಯ ಸಿ.ಡಿ.ಯಲ್ಲಿ ಉಳಿದಿದ್ದರೆ, ಇಂದಿನ ಗಣಕದಲ್ಲಿ ತೆರೆದು ನೋಡಿ. ಕನ್ನಡದ ಬದಲು ಇಂಗ್ಲಿಷಿನ ಪಿ, ಕ್ಯು, ಯು ಅಕ್ಷರಗಳೂ ತಲೆಯ ಮೇಲೆ ಚುಕ್ಕೆ, ಗೀಟು ಹೊತ್ತ ವಿಚಿತ್ರ ಚಿಹ್ನೆಗಳೂ ಕಾಣಿಸಬಹುದು. ಕಡತವೇನೂ ಕೆಟ್ಟಿಲ್ಲ, ವೈರಸ್ಸೂ ತಗುಲಿಲ್ಲ. ಆ ದಿನಗಳಲ್ಲಿ ಗಣಕದ ಒಳಗೆ ಕನ್ನಡ ಇರಲೇ ಇಲ್ಲ. ತೆರೆಯ ಮೇಲೆ ಕಂಡದ್ದು ಕನ್ನಡದ ಚಿತ್ರ ಮಾತ್ರ.

ಗಣಕಕ್ಕೆ ಅಂಕಿಗಳಲ್ಲದೆ ಬೇರೇನೂ ತಿಳಿಯದು. ಆದ್ದರಿಂದ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡಬೇಕು. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ‘ಆಸ್ಕಿ’ ಸಂಕೇತ ವ್ಯವಸ್ಥೆಯಲ್ಲಿ ಇದ್ದದ್ದು 128 ಸ್ಥಾನಗಳು. ದೊಡ್ಡಕ್ಷರದ ‘ಪಿ’ಗೆ ಅಲ್ಲಿ ಸಿಕ್ಕಿದ ಸಂಖ್ಯೆ 80. ಮುಂದೆ ಸ್ಥಾನಗಳು 256ಕ್ಕೆ ಏರಿದಾಗಲೂ ಅವು ಯುರೋಪಿನ ಭಾಷೆಗಳ ಪಾಲಾದವು. ಕನ್ನಡಕ್ಕೆ ಕೂರಲು ಜಾಗವಿರಲಿಲ್ಲ.

ಜಾಗವಿಲ್ಲದವರು ಪರರ ಕುರ್ಚಿಯಲ್ಲಿ ಕುಳಿತರು! ನಮ್ಮ ತಂತ್ರಜ್ಞರು ಇಂಗ್ಲಿಷ್ ಅಕ್ಷರದ ಸಂಖ್ಯೆಯನ್ನು ಹಾಗೇ ಬಿಟ್ಟು, ಅದರ ಚಿತ್ರದ ಜಾಗದಲ್ಲಿ ಕನ್ನಡದ ತುಣುಕನ್ನು ಕೂರಿಸಿದರು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ‘ಕ’ ಎಂದರೆ 80 ಮತ್ತು 192: ಮೊದಲನೆಯದು ‘ಕ’ದ ಒಡಲು, ಎರಡನೆಯದು ತಲೆಕಟ್ಟು. ‘ವ’ಕ್ಕೆ 170, 192. ಅದಕ್ಕೊಂದು ಕೊಂಬು ಸೇರಿಸಿ 170, 192, 196 ಎಂದರೆ ‘ಮ’. ಮೊಳೆ ಜೋಡಿಸುವವರ ಜಾಣ್ಮೆಯೇ ಇದು.

ಮುದ್ರಣಕ್ಕೆ ಇಷ್ಟು ಸಾಕಾಯಿತು. ನೂರಾರು ಪುಸ್ತಕ, ಪತ್ರಿಕೆಗಳು ಹೀಗೆಯೇ ಹೊರಬಂದವು. ಆದರೆ ‘ವ’ವನ್ನು ಹುಡುಕು ಎಂದರೆ ಗಣಕ ‘ಮ’ವನ್ನೂ ಹಿಡಿದು ತರುತ್ತಿತ್ತು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದರೆ ತಿಮ್ಮನಿಗಿಂತ ಮೊದಲು ರಾಮ ನಿಲ್ಲುತ್ತಿದ್ದ. ಏಕೆಂದರೆ ‘ರ’ ಕುಳಿತ ಕುರ್ಚಿಯ ಸಂಖ್ಯೆ ‘ತಿ’ಯದಕ್ಕಿಂತ ಚಿಕ್ಕದು. ಸಾಲದ್ದಕ್ಕೆ ಶ್ರೀಲಿಪಿಯ ಏರ್ಪಾಡು ಒಂದು, ಆಕೃತಿಯದು ಇನ್ನೊಂದು. ಒಂದರಲ್ಲಿ ಬರೆದದ್ದು ಮತ್ತೊಂದರಲ್ಲಿ ಓದಲು ಬಾರದು.

ಇಷ್ಟರಲ್ಲೂ ಬೆರಳುಗಳ ಮಟ್ಟಿಗೆ ಒಂದು ಸುಂದರ ಪರಿಹಾರ ದೊರಕಿತ್ತು. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆಯೊಂದನ್ನು ರೂಪಿಸಿದರು. ತಮ್ಮ ತಂತ್ರಾಂಶಕ್ಕೆ ಅವರಿಟ್ಟ ಹೆಸರು ‘ಸೇಡಿಯಾಪು’. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ಈ ವಿನ್ಯಾಸದಲ್ಲಿ ‘ಎಫ್’ ಕೀಲಿ ಒತ್ತಕ್ಷರದ ಕೊಂಡಿ. ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದು ಬಾರಿ ಒತ್ತಿದರೆ ‘ಕನ್ನಡ’ ಸಿದ್ಧ. ಬೆರಳು ಧ್ವನಿಯನ್ನು ನುಡಿಯಿತು; ಆದರೆ ಗಣಕ ಕೂಡಿಟ್ಟದ್ದು ಮಾತ್ರ ಚಿತ್ರದ ತುಣುಕುಗಳನ್ನೇ.

ನಿಜವಾದ ಬದಲಾವಣೆ ಬಂದದ್ದು ಯೂನಿಕೋಡ್‌ನಿಂದ. ಭಾರತೀಯ ಲಿಪಿಗಳಿಗಾಗಿ ನಮ್ಮಲ್ಲೇ ಸಿದ್ಧವಾಗಿದ್ದ 1988ರ ‘ಇಸ್ಕಿ’ ವ್ಯವಸ್ಥೆಯನ್ನು ಆಧರಿಸಿ, 1991ರ ಮೊದಲ ಯೂನಿಕೋಡ್ ಆವೃತ್ತಿ ಕನ್ನಡಕ್ಕೆ 3200ರಿಂದ 3327ರವರೆಗೆ ಸ್ವಂತ ಸ್ಥಾನಗಳನ್ನು ಕೊಟ್ಟಿತು. ‘ಕ’ ಈಗ 3221. ‘ಮ’ ಬಾಲ ಬಂದ ‘ವ’ವಲ್ಲ, ಸ್ವತಂತ್ರವಾದ 3246. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಯೂನಿಕೋಡ್ ಅಕ್ಷರಶೈಲಿಯೂ ಬಂತು. ಆದರೂ ಹಳೆಯ ಪದ್ಧತಿ ಬೇಗನೆ ಹೋಗಲಿಲ್ಲ. ಪುಟ ಕಟ್ಟಲು ಬಳಸುತ್ತಿದ್ದ ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯದಿದ್ದುದೇ ಇದಕ್ಕೆ ಒಂದು ಕಾರಣ.

ಎರಡೂ ಪದ್ಧತಿಗಳ ಅಂತರವನ್ನು ನಮ್ಮ ಅರ್ಕಾವತ್ತು ಚೆನ್ನಾಗಿ ತೋರಿಸುತ್ತದೆ. ‘ತರ್ಕ’ ಎನ್ನುವಾಗ ನಾಲಗೆ ಮೊದಲು ‘ರ್’ ನುಡಿದು ಆಮೇಲೆ ‘ಕ’ ನುಡಿಯುತ್ತದೆ. ಕೈ ಮಾತ್ರ ಮೊದಲು ‘ಕ’ ಬರೆದು ಆಮೇಲೆ ಅರ್ಕಾವತ್ತು ಇಡುತ್ತದೆ. ಹಳೆಯ ಅಕ್ಷರಶೈಲಿಗಳು ಕೈಯನ್ನು ಅನುಸರಿಸಿದವು, ಯೂನಿಕೋಡ್ ನಾಲಗೆಯನ್ನು.

ಇದರಿಂದ ನಮಗೇನು ಎನ್ನಬೇಡಿ. ಹಳೆಯ ಸಂಕೇತಗಳಲ್ಲಿ ಸಿಕ್ಕಿಬಿದ್ದಿರುವುದು ಒಂದು ತಲೆಮಾರಿನ ಬರಹ: ಸ್ಮರಣ ಸಂಚಿಕೆಗಳು, ಊರಿನ ಚರಿತ್ರೆಗಳು, ಮನೆತನದ ವಂಶವೃಕ್ಷಗಳು. ತಾಳೆಗರಿಗೆ ಗೆದ್ದಲು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಇದು ಕಾಣದ ಗೆದ್ದಲು. ಅದೃಷ್ಟವಶಾತ್, ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಅಕ್ಷರಶೈಲಿಯ ಹೆಸರು ಯಾರಿಗಾದರೂ ನೆನಪಿರುವಾಗಲೇ ಈ ಕೆಲಸ ಮುಗಿಸುವುದು ಲೇಸು. ಪರಿವರ್ತನೆಯಾದ ಮೇಲೆ ಒಮ್ಮೆ ಪೂರ್ತಿ ಓದಿ ನೋಡಿ. ಅರ್ಕಾವತ್ತುಗಳ ಮೇಲೆ ವಿಶೇಷವಾಗಿ ಕಣ್ಣಿರಲಿ.