ಆರೋಗ್ಯವೂ ಸ್ವಾಸ್ಥ್ಯವೂ

ತಂದೆಯವರು ತೀರಿಕೊಂಡ ಮೇಲೆ ನಮ್ಮ ತಾಯಿಯವರನ್ನು ಧಾರವಾಡದ ಕಡೆಯ ಹಳ್ಳಿಯಿಂದ ಮುಂಬಯಿಗೆ ಕರೆತಂದೆನು. ಕೆಲವು ತಿಂಗಳಲ್ಲಿಯೇ ಅವರಿಗೆ ಊಟ ರುಚಿಸದಾಯಿತು, ನಿದ್ದೆ ಹತ್ತದಾಯಿತು. ವೈದ್ಯರು ರಕ್ತ, ಮೂತ್ರ, ಎದೆ ಎಲ್ಲವನ್ನೂ ಪರೀಕ್ಷಿಸಿ, ಯಾವ ರೋಗವೂ ಇಲ್ಲವೆಂದರು. ತಾಯಿಯವರು ಮಾತ್ರ, “ಮೈಯಾಗ ಏನೂ ಇಲ್ಲಪಾ, ಜೀವಕ್ಕ ಸಮಾಧಾನ ಇಲ್ಲ” ಎಂದರು. ಹಾಗಾದರೆ ರೋಗವಿಲ್ಲದವರೆಲ್ಲ ಆರೋಗ್ಯವಂತರೇ? ಈ ಪ್ರಶ್ನೆಗೆ ಇತಿಹಾಸವು ಕಾಲಕ್ಕೊಂದು ಉತ್ತರ ಕೊಟ್ಟಿದೆ.

ನಮ್ಮ ನುಡಿಯಲ್ಲಿ ಇದಕ್ಕೆ ಎರಡು ಮಾತುಗಳುಂಟು. ಆರೋಗ್ಯವೆಂದರೆ ರೋಗವಿಲ್ಲದಿರುವಿಕೆ, ಸ್ವಾಸ್ಥ್ಯವೆಂದರೆ ತನ್ನಲ್ಲಿ ತಾನು ನೆಲೆನಿಂತಿರುವಿಕೆ. ಸುಶ್ರುತ ಸಂಹಿತೆಯು ಸ್ವಸ್ಥನ ಲಕ್ಷಣವನ್ನು ಹೇಳುವಾಗ, ದೋಷಗಳೂ ಜಠರಾಗ್ನಿಯೂ ಧಾತುಗಳೂ ಸಮವಾಗಿರಬೇಕೆಂದು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಆತ್ಮ, ಇಂದ್ರಿಯ, ಮನಸ್ಸುಗಳು ಪ್ರಸನ್ನವಾಗಿರಬೇಕೆಂದೂ ಸೇರಿಸುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ವಿಜ್ಞಾನವು ಬೇರೊಂದು ದಾರಿ ಹಿಡಿಯಿತು. 1882ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟನು. ರೋಗಕ್ಕೊಂದು ಕಾರಣವುಂಟು, ಕಾರಣ ತೊಲಗಿದರೆ ಆರೋಗ್ಯ, ಎಂಬ ಮತವು ಬಲವಾಯಿತು. ಇದನ್ನು ಹಗುರವಾಗಿ ಕಾಣುವಂತಿಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಹಾಫ್ಕಿನ್ ಎಂಬ ವಿಜ್ಞಾನಿಯು ಇಲ್ಲಿಯೇ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡು ನೋಡಿದನು.

ಆದರೆ ಲಸಿಕೆಯೊಂದೇ ಸಾಲದೆಂದು ಆ ಮಾರಿಯೇ ಕಲಿಸಿತು. ಗಾಳಿಬೆಳಕಿಲ್ಲದ ಇಕ್ಕಟ್ಟಿನ ಮನೆಗಳನ್ನು ತೆಗೆದು ನಗರವನ್ನು ಸುಧಾರಿಸಲು 1898ರಲ್ಲಿ ಒಂದು ಟ್ರಸ್ಟು ಸ್ಥಾಪನೆಯಾಯಿತು. ನಮ್ಮವರನೇಕರು ನೆಲೆಸಿದ ಮಾಟುಂಗಾದ ಅಗಲವಾದ ಬೀದಿಗಳು ಅದರ ಯೋಜನೆಯ ಫಲವೇ. ಅದೇ ವರ್ಷ ಬೆಂಗಳೂರಿಗೂ ಪ್ಲೇಗು ಬಂದಿತು. ಅಲ್ಲಿಯೂ ಪೇಟೆಯ ಜನರು ಮಲ್ಲೇಶ್ವರ, ಬಸವನಗುಡಿಗಳ ಹೊಸ ಬಡಾವಣೆಗಳತ್ತ ಹೊರಟರು. ಆರೋಗ್ಯವು ದೇಹದಲ್ಲಿ ಮಾತ್ರವಲ್ಲ, ಮನೆಯಲ್ಲಿಯೂ ಬೀದಿಯಲ್ಲಿಯೂ ಇದೆಯೆಂದಾಯಿತು.

1946ರಲ್ಲಿ ನ್ಯೂಯಾರ್ಕಿನಲ್ಲಿ 61 ರಾಷ್ಟ್ರಗಳ ಪ್ರತಿನಿಧಿಗಳು ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನಕ್ಕೆ ಸಹಿ ಹಾಕಿದರು. 1948ರ ಏಪ್ರಿಲ್ 7ರಿಂದ ಅದು ಜಾರಿಗೆ ಬಂದಿತು. ರೋಗವಿಲ್ಲದಿರುವುದಷ್ಟೇ ಆರೋಗ್ಯವಲ್ಲ, ದೇಹ, ಮನಸ್ಸು, ಸಮಾಜಜೀವನ ಮೂರರಲ್ಲಿಯೂ ಪೂರ್ಣ ಕ್ಷೇಮವಿರಬೇಕೆಂಬುದು ಅದರ ವ್ಯಾಖ್ಯೆ. ಬ್ಯಾಂಕಿನ ಗುಮಾಸ್ತನಾದ ನನಗೆ ಇದು ಬೇಗ ಅರ್ಥವಾಯಿತು: ಸಾಲವಿಲ್ಲವೆಂದ ಮಾತ್ರಕ್ಕೆ ಖಾತೆಯಲ್ಲಿ ಹಣವಿದೆಯೆಂದಲ್ಲ!

ಈ ವ್ಯಾಖ್ಯೆಗೂ ಆಕ್ಷೇಪಣೆ ಬಾರದಿರಲಿಲ್ಲ. “ಪೂರ್ಣ” ಕ್ಷೇಮವನ್ನೇ ಕೇಳಿದರೆ ಲೋಕದಲ್ಲಿ ಆರೋಗ್ಯವಂತರು ಎಷ್ಟು ಮಂದಿ ಸಿಕ್ಕಾರು? 1977ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್, ರೋಗಿಯ ದೇಹದೊಡನೆ ಮನಸ್ಸನ್ನೂ ಸುತ್ತಲಿನ ಸಮಾಜವನ್ನೂ ವೈದ್ಯನು ನೋಡಬೇಕೆಂದು ವಾದಿಸಿದನು. 2011ರಲ್ಲಿ ನೆದರ್ಲೆಂಡ್ಸಿನ ಮಖ್ತೆಲ್ಡ್ ಹ್ಯೂಬರ್ ಮತ್ತು ಸಂಗಡಿಗರು, ಬಂದುದಕ್ಕೆ ಹೊಂದಿಕೊಂಡು ತನ್ನನ್ನು ತಾನು ನಿಭಾಯಿಸಿಕೊಳ್ಳುವ ಶಕ್ತಿಯೇ ಆರೋಗ್ಯವೆಂದರು. ಈ ಅಳತೆಯಲ್ಲಿ ದೀರ್ಘರೋಗಿಯೂ ಆರೋಗ್ಯಕ್ಕೆ ಹೊರಗಿನವನಲ್ಲ. ಆದರೆ ಹೊಂದಿಕೊಳ್ಳುವ ಹೊಣೆಯನ್ನೆಲ್ಲ ರೋಗಿಯ ಮೇಲೆಯೇ ಹೊರಿಸಿ ನಾವು ಸುಮ್ಮನಿರಬಾರದು. ಪ್ಲೇಗಿನ ಪಾಠವನ್ನು ಮರೆಯಬಾರದು.

ಈಗ ನಮ್ಮ ತಾಯಿಯವರಿಗೆ ಸಕ್ಕರೆ ಕಾಯಿಲೆಯಿದೆ. ದಿನವೂ ಮಾತ್ರೆ ತಪ್ಪಿಸುವಂತಿಲ್ಲ. ಆದರೆ ಸಂಘದ ಭಜನೆಯಲ್ಲಿ ತಮ್ಮ ಸೀಮೆಯ ನಾಲ್ಕು ಜನ ಹೆಂಗಸರ ಪರಿಚಯವಾದ ಮೇಲೆ ಅವರು ಹೊಟ್ಟೆತುಂಬ ಉಣ್ಣುತ್ತಾರೆ, ನಿದ್ದೆ ಮಾಡುತ್ತಾರೆ. ಅಂದು ರೋಗವಿರಲಿಲ್ಲ, ಸ್ವಾಸ್ಥ್ಯವೂ ಇರಲಿಲ್ಲ. ಇಂದು ರೋಗವಿದೆ, ಸ್ವಾಸ್ಥ್ಯವೂ ಇದೆ.

ಆದುದರಿಂದ ಕನ್ನಡ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೇ. ಹಿರಿಯರನ್ನು ವೈದ್ಯರಲ್ಲಿಗೆ ತಪ್ಪದೆ ಕರೆದೊಯ್ಯೋಣ. ಸಂಘದ ಅಂಗಳಕ್ಕೂ ಕರೆತರೋಣ.